ಏನು ಕೊಡೋಣು, ಹೆಂಗ ಕೊಡೋಣು? ಉಡುಗೊರೆ ಕುರಿತು ಓದುಗರ ಪ್ರಶ್ನೆ, ನಮ್ಮ ಉತ್ತರ

ಮದುವೆ, ಕುಬಸ (ಸೀಮಂತ), ವಾಸ್ತುಶಾಂತಿಗಳ ಸುಗ್ಗಿ ಶುರುವಾಗಿದೆ. ಉಡುಗೊರೆ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇವೆ. ಉತ್ತರಿಸುವಾಗ ಒಂದೇ ಅಳತೆಗೋಲು ಹಿಡಿದಿದ್ದೇವೆ: ನಾವು ಕೊಟ್ಟ ವಸ್ತು ಅವರ ಮನೆಗೆ ಹೊಸ ಕೆಲಸ ಹೊತ್ತುಕೊಂಡು ಹೋಗಬಾರದು. ಫಾಲ್ ಹಚ್ಚದ ಸೀರೆ, ಸೆಲ್ ಇಲ್ಲದ ಗಡಿಯಾರ, ಎರಡು ದಿನದಲ್ಲಿ ತಿಂದು ಮುಗಿಸಬೇಕಾದ ಐದು ಕಿಲೊ ಸಿಹಿ, ಇವುಗಳಿಂದ ಕೊಟ್ಟವರಿಗೆ ಹಗುರವಾಗುತ್ತದೆ, ತಗೊಂಡವರಿಗೆ ಭಾರವಾಗುತ್ತದೆ.

ಪ್ರಶ್ನೆ: ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಏಳನೇ ತಿಂಗಳಲ್ಲಿ ಕುಬಸ ಇದೆ. ಕಸೂತಿ ಹಾಕಿದ ಇಳಕಲ್ ಸೀರೆ ಕೊಡಬೇಕೆಂದಿದ್ದೇನೆ. ಕೈಯಲ್ಲಿ ಆರು ಸಾವಿರ ಇದೆ, ಒಂದೂವರೆ ತಿಂಗಳ ಸಮಯ ಇದೆ. ಖರೇ ಮಾಲು ಗುರುತಿಸುವುದು ಹೇಗೆ?
(ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಮೊದಲು ಅವರ ತಾಯಿಯನ್ನೋ ಅಕ್ಕನನ್ನೋ ಒಂದು ಮಾತು ಕೇಳಿ. ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ ತವರಿನಿಂದ ಬಂದೇ ಬರುತ್ತವೆ. ನೀವೂ ಹಸಿರನ್ನೇ ಒಯ್ದರೆ ಪೆಟ್ಟಿಗೆಯಲ್ಲಿ ಎರಡಾಗುತ್ತದೆ. ದಾಳಿಂಬೆ ಕೆಂಪು, ನೇರಳೆ, ಚಂದ್ರಕಾಳಿಯ ಕಪ್ಪು ನೋಡಬಹುದು. ಆದರೆ ಶುಭ ಕಾರ್ಯಕ್ಕೆ ಕಪ್ಪು ಒಲ್ಲದ ಮನೆಗಳೂ ಇವೆ, ಅದನ್ನೂ ಕೇಳಿಕೊಳ್ಳಿ.

ಇಳಕಲ್ ಸೀರೆಯ ಗುರುತು ಸೆರಗು ಮತ್ತು ಒಡಲು ಕೂಡುವ ಜಾಗದಲ್ಲಿದೆ. ಕೈಮಗ್ಗದಲ್ಲಿ ಒಡಲಿನ ಹಾಸು (ಉದ್ದದ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ, ಇದಕ್ಕೆ ಟೋಪ್ ತೆನಿ ಎನ್ನುತ್ತಾರೆ. ಸೀರೆಯನ್ನು ತಿರುಗಿಸಿ, ಸೆರಗು ಶುರುವಾಗುವಲ್ಲಿ ಅಡ್ಡಲಾಗಿ ಬೆರಳಾಡಿಸಿ. ಸಣ್ಣ ಸಣ್ಣ ಕೊಂಡಿಗಳ ಸಾಲು ಕಣ್ಣಿಗೂ ಕಾಣುತ್ತದೆ, ಬೆರಳಿಗೂ ಹತ್ತುತ್ತದೆ. ಅಂಥ ಗೆರೆಯೇ ಇಲ್ಲದೆ ಒಡಲಿನ ಎಳೆಗಳೇ ಸೆರಗಿನೊಳಗೆ ಸಾಗಿದ್ದರೆ ಅದು ಟೋಪ್ ತೆನಿ ನೇಯ್ಗೆ ಅಲ್ಲ, ಇಳಕಲ್ ಮಾದರಿಯ ಬಟ್ಟೆ ಅಷ್ಟೆ. ಇನ್ನು ಸೆರಗಿನ ನೂಲು. ಅಂಗಡಿಯಲ್ಲಿ ‘ಚಮಕಾ’ ಎಂದರೆ ಕೃತಕ ರೇಷ್ಮೆ. ಅದನ್ನು ಚಮಕಾ ಎಂದೇ ಹೇಳಿ ಮಾರಿದರೆ ತಪ್ಪೇನಿಲ್ಲ, ರೇಷ್ಮೆ ಎಂದು ಮಾರಿದರೆ ಮೋಸ. ಸೆರಗಿನ ತುದಿಯ ಬಿಡಿ ಎಳೆಯೊಂದನ್ನು ಕೇಳಿ ಪಡೆದು ಸುಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುತ್ತದೆ. ಚಮಕಾ ಕಾಗದ ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಕಸೂತಿ ಪರೀಕ್ಷೆಗೂ ಹಿಂಬದಿಯೇ ಬೇಕು. ಗವಂತಿ, ಮುರಗಿ, ನೇಯಿಗೆ, ಹೆಂತಿ ಎಂದು ನಾಲ್ಕು ಹೊಲಿಗೆ. ಇವುಗಳಲ್ಲಿ ಗವಂತಿ ಮತ್ತು ಮುರಗಿ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಸೂಜಿ ಒಂದು ಟಾಕಿ ಬಿಟ್ಟು ಒಂದು ಟಾಕಿ ಹಾಕುತ್ತ ಮುಂದೆ ಹೋಗಿ, ಬಂದ ದಾರಿಯಲ್ಲೇ ಮರಳುತ್ತ ಖಾಲಿ ಬಿಟ್ಟದ್ದನ್ನು ತುಂಬುತ್ತದೆ. ಬಟ್ಟೆಯ ಮೇಲೆ ಗೆರೆ ಎಳೆಯುವುದಿಲ್ಲ, ಎಳೆ ಎಣಿಸಿಯೇ ಹೊಲಿಯುತ್ತಾರೆ. ಗಂಟು ಹಾಕುವುದಿಲ್ಲ. ಆದ್ದರಿಂದ ಹಿಂದೆ ಗಂಟು, ಜೋತಾಡುವ ದಾರ, ಅಂಟಿಸಿದ ಕಾಗದದಂಥ ಬಟ್ಟೆ ಕಂಡರೆ ಅದು ಯಂತ್ರದ್ದೋ ಅಚ್ಚುಕಟ್ಟಿಲ್ಲದ ಕೈಯದೋ ಕೆಲಸ. ಎಳೆ ಎಣಿಸುವ ಕೆಲಸವಾದ್ದರಿಂದ ತುಂಬು ಕಸೂತಿಯ ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಹಣಕ್ಕೂ ಸಮಯಕ್ಕೂ ಅದು ಕೂಡುವುದಿಲ್ಲ. ಹತ್ತಿ ಒಡಲು, ರೇಷ್ಮೆ ಸೆರಗಿನ ಸೀರೆ ಕೊಳ್ಳಿ. ಕಸೂತಿಯನ್ನು ರವಿಕೆ ಬಟ್ಟೆಯ ತೋಳಿಗೆ ಮಾತ್ರ ಹಾಕಿಸಿ. ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ ಎಲ್ಲ ಇದ್ದರೂ ಕುಬಸಕ್ಕೆ ತೊಟ್ಟಿಲ ಚಿತ್ತಾರ ಕೇಳಿ, ಅದು ಕಸೂತಿಯ ಹಳೆಯ ಚಿತ್ತಾರಗಳಲ್ಲೇ ಇದೆ.

ಬಟ್ಟೆ ಒಂದು ಮೀಟರ್ ಇರಲಿ, ಹೊಲಿಸಬೇಡಿ. ಹೆರಿಗೆಯಾದ ಮೇಲೆ ಅಳತೆ ಬೇರೆಯಾಗುತ್ತದೆ. ತೋಳಿನ ಕಸೂತಿ ಅಂಚಿನಿಂದ ಎರಡು ಇಂಚು ಒಳಗೆ ಬರಲಿ, ಇಲ್ಲವಾದರೆ ಮಡಿಕೆಯೊಳಗೆ ಸೇರಿಹೋಗುತ್ತದೆ. ಸೀರೆಗೆ ಮಾತ್ರ ಫಾಲ್, ಪಿಕೋ ಮಾಡಿಸಿ, ಸೆರಗಿಗೆ ಗೊಂಡೆ ಕಟ್ಟಿಸಿಯೇ ಕೊಡಿ. ಫಾಲ್ ಬಟ್ಟೆಯನ್ನು ಮೊದಲು ನೀರಲ್ಲಿ ಅದ್ದಿ ಒಣಗಿಸಿದ್ದಾರೋ ಕೇಳಿ. ಅದು ಆಮೇಲೆ ಕುಗ್ಗಿದರೆ ಸೀರೆಯ ಅಂಚು ಸುಕ್ಕುಗಟ್ಟಿ ಮೇಲೇಳುತ್ತದೆ. ಪೊಟ್ಟಣದೊಳಗೆ ಒಂದು ಚೀಟಿ ಇಡಿ: ‘ಸೆರಗು ನೆನೆಹಾಕಬೇಡಿ, ಕೆಂಪು ಬಿಟ್ಟು ಒಡಲಿಗೆ ಹತ್ತುತ್ತದೆ. ಮೊದಲೆರಡು ಸಲ ಡ್ರೈಕ್ಲೀನ್ ಮಾಡಿಸಿ.’ ಈ ಚೀಟಿ ಇಲ್ಲದೆ ಹಾಳಾದ ಸೀರೆಗಳ ಸಂಕಟ ದೊಡ್ಡದು.

ಪ್ರಶ್ನೆ: ಮಗ ಅಮೆರಿಕದಲ್ಲಿದ್ದಾನೆ. ಅವನ ಗೆಳೆಯ ಮುಂದಿನ ವಾರ ಹೊರಟಿದ್ದಾನೆ, ಎರಡು ಕಿಲೊ ಒಯ್ಯುತ್ತೇನೆ ಎಂದಿದ್ದಾನೆ. ಪೇಡಾ, ರೊಟ್ಟಿ, ಹಿಂಡಿ (ಚಟ್ನಿಪುಡಿ), ಸೊಸೆಗೆ ಉಡಿ ಸಾಮಾನು, ಏನೇನು ಕಳಿಸಲಿ?
(ಸಪ್ತಾಪುರ, ಧಾರವಾಡ)

ಉತ್ತರ: ಮೊದಲು ಉಡಿ ಸಾಮಾನಿನಿಂದ ಕೊಬ್ಬರಿ ಗಿಟುಕನ್ನು ತೆಗೆದಿಡಿ. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತನ್ನಷ್ಟಕ್ಕೆ ಕಾವೇರಿ ಬೆಂಕಿ ಹತ್ತಬಲ್ಲ ವಸ್ತುಗಳ ಸಾಲಿಗೆ ಅದನ್ನು ಸೇರಿಸಿದ್ದಾರೆ. ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಚ್ಚಿಸುತ್ತಾರೆ, ಮುಜುಗರ ಆ ಹುಡುಗನಿಗೆ. ಅಕ್ಕಿ, ಹಸಿ ಎಲೆ, ಲಿಂಬಿಹಣ್ಣುಗಳನ್ನೂ ಬಿಡಿ, ಬೀಜ, ಸೊಪ್ಪು, ಹಣ್ಣುಗಳ ಮೇಲೆ ಅಲ್ಲಿನ ತಪಾಸಣೆ ಬಿಗಿ. ಖಣ, ಹಸಿರು ಬಳೆ, ಅರಿಷಿಣ ಕುಂಕುಮದ ಪುಟ್ಟ ಡಬ್ಬಿ ಸಾಕು. ಅಕ್ಕಿ, ತೆಂಗಿನಕಾಯಿ ಅಲ್ಲಿಯೇ ಸಿಗುತ್ತವೆ. ಗುಳೇದಗುಡ್ಡದ ಖಣ ಅಲ್ಲಿ ಸಿಗುವುದಿಲ್ಲ. ಬಳೆಗಳನ್ನು ಖಣದ ಮಡಿಕೆಯೊಳಗೇ ಸುತ್ತಿಟ್ಟರೆ ಒಡೆಯುವುದಿಲ್ಲ.

ತೂಕದ ಲೆಕ್ಕಕ್ಕೆ ಕಡಕ್ ರೊಟ್ಟಿಯೇ ಲಾಭ. ತೆಳ್ಳಗಿರುತ್ತದೆ, ನೀರಿನಂಶ ಇಲ್ಲ. ರೊಟ್ಟಿ ಕೇಂದ್ರದಲ್ಲಿ ಹೇಳಿ ಆರಿಂಚಿನ ಚಿಕ್ಕ ರೊಟ್ಟಿ ಮಾಡಿಸಿ. ತಾಟಿನಗಲದ ರೊಟ್ಟಿ ಪೆಟ್ಟಿಗೆಯಲ್ಲಿ ಚೂರಾಗದೆ ತಲುಪುವುದು ಅಪರೂಪ. ಐದು ರೊಟ್ಟಿ ತೂಗಿ ನೋಡಿ, ಅದರ ಮೇಲೆ ಎಷ್ಟು ಹಿಡಿಸುತ್ತದೆ ಎಂದು ಲೆಕ್ಕ ಹಾಕಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ಹಾಕಬೇಕು. ಒಂದು ರೊಟ್ಟಿಯಲ್ಲಿ ಬಿಸಿ ಉಳಿದಿದ್ದರೂ ಅದರ ಹಬೆ ಉಳಿದ ರೊಟ್ಟಿಗಳನ್ನೆಲ್ಲ ಮೆತ್ತಗೆ ಮಾಡುತ್ತದೆ, ವಾರದೊಳಗೆ ಬೂಸು ಹಿಡಿಯುತ್ತದೆ. ಹತ್ತತ್ತರ ನಡುವೆ ಬಟರ್ ಪೇಪರ್ ಇಡಿ. ಸುದ್ದಿಪತ್ರಿಕೆ ಬೇಡ, ಮಸಿ ಹತ್ತುತ್ತದೆ. ರೊಟ್ಟಿಗಿಂತ ಒಂದು ಬೆರಳು ಅಗಲದ ದುಂಡು ಡಬ್ಬಿ ನೋಡಿ, ಸುತ್ತಲಿನ ಸಂದಿಗೆ ಶುಭ್ರ ಹತ್ತಿ ಬಟ್ಟೆ ತುರುಕಿ.

ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಾಲು ಕಾಲು ಕಿಲೊ ಇರಲಿ. ಕೊಬ್ಬರಿ ಹಾಕದೆ, ಬಳ್ಳೊಳ್ಳಿಯನ್ನು ಚೆನ್ನಾಗಿ ಹುರಿದು ಕುಟ್ಟಿ. ಅಗಸಿ ಹಿಂಡಿ ಪುಡಿಯಾದ ಮೇಲೆ ಬೇಗ ಕಮಟುತ್ತದೆ, ನೂರು ಗ್ರಾಮಿಗಿಂತ ಹೆಚ್ಚು ಬೇಡ. ಹಿಂಡಿ, ಖಾರಪುಡಿ ಯಾವುದೂ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿರಲಿ. ತುಪ್ಪ, ಉಪ್ಪಿನಕಾಯಿಯಂಥವು ಕೈಚೀಲದಲ್ಲಿ 100 ಮಿಲಿ ದಾಟುವಂತಿಲ್ಲ.

ಪೇಡಾ ಅರ್ಧ ಕಿಲೊ ಸಾಕು. ಧಾರವಾಡದ ಪೇಡಾ ಖೋವಾ ಕೆಂಪಗಾಗುವ ತನಕ ಹುರಿದು ಸಕ್ಕರೆಯಲ್ಲಿ ಹೊರಳಿಸಿದ್ದು, ಮೆತ್ತನೆಯ ಪೇಡಾಕ್ಕಿಂತ ಬಾಳಿಕೆ ಹೆಚ್ಚು. ಹಾಗೆಂದು ವಾರ ಮೊದಲೇ ತಂದಿಡಬೇಡಿ, ಹೊರಡುವ ದಿನವೇ ತನ್ನಿ. ಬಿಡಿ ಸಿಹಿಯ ತಟ್ಟೆಯ ಮುಂದೆಯೂ ‘ಇಂಥ ದಿನದೊಳಗೆ ತಿನ್ನಿ’ ಎಂದು ಅಂಗಡಿಯವರು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ಅದನ್ನು ಓದಿ ಡಬ್ಬಿಯ ಮೇಲೂ ಬರೆದು ಕಳಿಸಿ. ಒಯ್ಯುವ ಹುಡುಗನಿಗೆ ಒಳಗಿರುವ ಎಲ್ಲದರ ಪಟ್ಟಿ ಕೊಡಿ. ಅಲ್ಲಿ ಇಳಿದಾಗ ತಿನ್ನುವ ಪದಾರ್ಥ ಇದೆ ಎಂದು ಅವನೇ ಹೇಳಿಕೊಳ್ಳಬೇಕಾಗುತ್ತದೆ. ಅವನಿಗೂ ಒಂದು ಡಬ್ಬಿ ರೊಟ್ಟಿ ಕಟ್ಟಿಕೊಡುವುದನ್ನು ಮರೆಯಬೇಡಿ.

ಪ್ರಶ್ನೆ: ನಮ್ಮ ಹೈಸ್ಕೂಲಿನ ಕನ್ನಡ ಗುರುಗಳು ಬರುವ ತಿಂಗಳು ನಿವೃತ್ತರಾಗುತ್ತಾರೆ. 42 ಜನ ಹಳೆಯ ವಿದ್ಯಾರ್ಥಿಗಳು ತಲಾ 300 ರೂಪಾಯಿ ಕೂಡಿಸಿದ್ದೇವೆ. ಶಾಲು, ಫಲಕ ಬಿಟ್ಟು ಬೇರೆ ಏನಾದರೂ ಹೇಳಿ.
(ಬೆಟಗೇರಿ, ಗದಗ)

ಉತ್ತರ: 12,600 ರೂಪಾಯಿ ಆಯಿತು. ಅದರಲ್ಲಿ ಹೆಚ್ಚೆಂದರೆ ಕಾಲು ಭಾಗ ಖರ್ಚಾಗುವ ಒಂದು ಕೆಲಸ ಹೇಳುತ್ತೇವೆ: 42 ಪತ್ರಗಳ ಒಂದು ಪುಸ್ತಕ. ನೀವಿರುವುದು ಮುದ್ರಣ, ಬೈಂಡಿಂಗ್ ಕಸುಬಿಗೆ ಹೆಸರಾದ ಊರಲ್ಲಿ, ಇದಕ್ಕಿಂತ ಅನುಕೂಲ ಬೇಕೆ?

ಎಲ್ಲರಿಗೂ ಒಂದೇ ಥರದ ದಪ್ಪ ಎ4 ಹಾಳೆ ಹಂಚಿ, 100 ಜಿಎಸ್‌ಎಂ ಇದ್ದರೆ ಕೆಳಗಿನ ಹಾಳೆಯ ಅಕ್ಷರ ಮೇಲೆ ಕಾಣುವುದಿಲ್ಲ. ಒಂದೇ ಬದಿಗೆ ಬರೆಯಬೇಕು, ಎಡಕ್ಕೆ ಒಂದೂವರೆ ಇಂಚು ಬಿಡಬೇಕು. ಬಿಡಿ ಹಾಳೆಗಳನ್ನು ಅಂಚಿನಿಂದ ಒಳಗೆ ಹೊಲಿಯುವುದರಿಂದ, ಜಾಗ ಬಿಡದಿದ್ದರೆ ಸಾಲಿನ ಮೊದಲ ಅಕ್ಷರಗಳು ಹೊಲಿಗೆಯೊಳಗೆ ಹೋಗುತ್ತವೆ. ಬರೀ ಅಂಟು ಹಚ್ಚುವ ಬೈಂಡಿಂಗ್ ಬೇಡ, ನಾಲ್ಕು ಸಲ ಅಗಲಿಸಿದರೆ ಹಾಳೆ ಉದುರುತ್ತದೆ. ಜೆಲ್ ಪೆನ್ನು ಒಂದು ಹನಿ ನೀರಿಗೆ ಹರಡುತ್ತದೆ, ಬಾಲ್ ಪೆನ್ನಿನಲ್ಲಿ ಬರೆಯಲಿ. ಗುರುಗಳ ವಯಸ್ಸು ಅರವತ್ತು, ಅಕ್ಷರ ದೊಡ್ಡದಿರಲಿ.

ಇಂಥ ಪುಸ್ತಕ ಕೆಡುವುದು ಎರಡು ಕಾರಣಕ್ಕೆ. ‘ಗುರುಗಳ ಬಗ್ಗೆ ಬರಿ’ ಎಂದಷ್ಟೇ ಹೇಳಿದರೆ 42 ಜನರೂ ‘ತಾವು ನಮ್ಮ ಪಾಲಿನ ದೇವರು’ ಎಂದು ಬರೆಯುತ್ತಾರೆ, ಮೂರನೆಯ ಪುಟಕ್ಕೆ ಓದು ನಿಲ್ಲುತ್ತದೆ. ಬದಲಿಗೆ ಒಂದೇ ಪ್ರಶ್ನೆ ಕೊಡಿ: ಅವರ ತರಗತಿಯ ಒಂದು ದಿನ, ಅವರು ಆಡಿದ ಒಂದು ಮಾತು, ಅದರಿಂದ ಇವತ್ತು ನಿನ್ನ ಕೆಲಸದಲ್ಲಿ ಏನು ಉಳಿದಿದೆ? ಎರಡನೆಯದು ತಡ. ಸಮಾರಂಭಕ್ಕೆ 20 ದಿನ ಮೊದಲಿನ ಗಡುವು ಕೊಡಿ, 12 ದಿನ ಮೊದಲು ಬೈಂಡಿಂಗಿಗೆ ಹಾಕಿ. ಈ ನಡುವಿನ ಎಂಟು ದಿನ ಕೊನೆಯ ಹತ್ತು ಜನರ ಬೆನ್ನು ಹತ್ತಲು ಬೇಕಾಗುತ್ತದೆ. ಹಳೆಯ ಫೋಟೊಗಳನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಚಿತ್ರವಾಗಿ ಕಳಿಸಿದರೆ ಕುಗ್ಗಿ ಮಸುಕಾಗುತ್ತದೆ.

ವೇದಿಕೆಯಲ್ಲಿ ಕೊರಳಿಗೆ ಏನಾದರೂ ಬೇಕೇ ಬೇಕು ಎಂದರೆ ಹಾವೇರಿಯ ಏಲಕ್ಕಿ ಹಾರ ತರಿಸಿ. ಹೂವಿನ ಹಾರ ರಾತ್ರಿಯೊಳಗೆ ಬಾಡುತ್ತದೆ, ಏಲಕ್ಕಿ ಹಾರ ವರ್ಷಗಟ್ಟಲೆ ಉಳಿಯುತ್ತದೆ. ಗಾಳಿ ಆಡದ ಡಬ್ಬಿಯನ್ನೂ ಜೊತೆಗೇ ಕೊಡಿ, ತೇವ ತಾಗಿದರೆ ಏಲಕ್ಕಿಗೆ ಬೂಸು ಬರುತ್ತದೆ. ಬಣ್ಣ, ಅಂಟು, ಮಿಂಚು ಹಚ್ಚಿದ ಹಾರವಾದರೆ ಮುಂದೆ ಬಿಚ್ಚಿ ಅಡುಗೆಗೆ ಹಾಕಬಾರದು ಎಂದು ಮನೆಯವರಿಗೆ ಹೇಳಿ. ಉಳಿದ ಹಣವನ್ನು ಏನು ಮಾಡಬೇಕೆಂದು ಗುರುಗಳ ಮನೆಯವರನ್ನೇ ಗುಟ್ಟಾಗಿ ಕೇಳಿ. ಓದುವ ಮೇಜಿನ ದೀಪವೋ ಬೆನ್ನಿಗೆ ಒರಗು ಸಿಗುವ ಕುರ್ಚಿಯೋ ಬೇಕಾಗಿದ್ದೀತು.

ಪ್ರಶ್ನೆ: ಮದುವೆಗೆ ವಸ್ತು ಕೊಡದೆ ರೊಕ್ಕದ ಆಯೇರ ಮಾಡಿದರೆ ತಪ್ಪೇ? ಅಕ್ಕರೆ ಇಲ್ಲದೆ ಕೊಟ್ಟಂತೆ ಕಾಣುತ್ತದೆ ಎಂದು ಮನೆಯಲ್ಲಿ ವಾದ.
(ಶಿಗ್ಗಾಂವಿ)

ಉತ್ತರ: ಏನೂ ತಪ್ಪಿಲ್ಲ. ಹೊಸದಾಗಿ ಮನೆ ಹೂಡುವವರಿಗೆ ಏಳನೆಯ ಹಾಟ್‌ಬಾಕ್ಸಿಗಿಂತ ರೊಕ್ಕ ಸಾವಿರ ಪಾಲು ಮೇಲು. ಆದರೆ ಲಕೋಟೆಯ ಮೇಲಷ್ಟೇ ಹೆಸರು ಬರೆದರೆ ಸಾಲದು, ಒಳಗೆ ಒಂದು ಚೀಟಿಯ ಮೇಲೂ ಹೆಸರು, ಊರು, ಮೊತ್ತ ಬರೆಯಿರಿ. ರಾತ್ರಿ ಲಕೋಟೆ ಒಡೆದು ವಹಿಗೆ ಬರೆಯುವಾಗ ಹೊರಗಿನ ಹೊದಿಕೆ ಬೇರೆಯಾಗಿ, ಯಾರದು ಎಷ್ಟು ಎಂಬುದೇ ತಿಳಿಯದೆ ಮನಸ್ತಾಪ ಆದದ್ದುಂಟು. ಮುಂದೆ ನಿಮ್ಮ ಮನೆಯ ಮದುವೆಗೆ ಅವರು ಆಯೇರ ತಿರುಗಿ ಮಾಡುವುದೂ ಆ ವಹಿ ನೋಡಿಯೇ. ಅಕ್ಕರೆ ಬೇಕೆಂದರೆ ಆ ಚೀಟಿಯಲ್ಲೇ ಎರಡು ಸಾಲು ಬರೆಯಿರಿ. ತೆರಿಗೆಯ ಚಿಂತೆಯೂ ಬೇಡ, ಮದುವೆಯಲ್ಲಿ ವಧು ವರರಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಬೇರೆ ಸಂದರ್ಭದಲ್ಲಿ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ಮಾತ್ರ ಪೂರ್ತಿ ಮೊತ್ತ ಆದಾಯಕ್ಕೆ ಸೇರುತ್ತದೆ.

ಪ್ರಶ್ನೆ: ತಮ್ಮ ಹೊಸ ಮನೆ ಕಟ್ಟಿಸಿದ್ದಾನೆ. ನವಲಗುಂದದ ಜಮಖಾನ ಕೊಡಬೇಕೆಂದಿದೆ. ಯಾವ ಅಳತೆ?
(ಹಾವೇರಿ)

ಉತ್ತರ: ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ತಮ್ಮನ ಮನೆಗೆ ಹೋಗಿ. ಎಲ್ಲಿ ಹಾಸುತ್ತಾರೋ ಆ ಜಾಗವನ್ನು ಅಳೆಯಿರಿ, ಬಾಗಿಲು ತೆರೆಯುವ ಸುತ್ತಳತೆ ಬಿಡಿ. ಜಮಖಾನ ದಪ್ಪ, ಬಾಗಿಲು ಅದರ ಮೇಲೆ ಉಜ್ಜಿದರೆ ಅಂಚು ಹಿಂಜುತ್ತದೆ. ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಈ ಜಮಖಾನಗಳನ್ನು ನಿಲ್ಲಿಸಿದ ಮಗ್ಗದ ಮೇಲೆ ಹೆಣ್ಣುಮಕ್ಕಳೇ ನೇಯುತ್ತಾರೆ. ನೇಯುವ ಕೈಗಳು ಕಡಿಮೆ, ಆದ್ದರಿಂದ ಬೇಕಾದ ಅಳತೆ ಹೇಳಿ ಮೊದಲೇ ಮಾಡಿಸಿಕೊಳ್ಳಿ. ನವಿಲು, ಪಗಡೆ ಹಾಸಿನ ಚಿತ್ತಾರಗಳು ನೇಯ್ಗೆಯಲ್ಲೇ ಮೂಡಿರಬೇಕು, ಮಗುಚಿದರೆ ಹಿಂದೆಯೂ ಅದೇ ಚಿತ್ತಾರ ಕಾಣಬೇಕು. ಹಿಂದೆ ಬಿಳಿ ಇದ್ದರೆ ಅದು ಅಚ್ಚು ಹಾಕಿದ್ದು. ನುಣುಪು ಟೈಲ್ಸ್ ಮೇಲೆ ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಕೆಳಗೆ ಹಾಸುವ ರಬ್ಬರ್ ಜಾಲರಿಯನ್ನು ಎಲ್ಲ ಬದಿಗೂ ಒಂದಿಂಚು ಕಡಿಮೆ ಕತ್ತರಿಸಿ ಜೊತೆಗೆ ಕೊಡಿ.

ಪ್ರಶ್ನೆ: ಮಾವನವರು ರಾತ್ರಿ ಹೊಲ ಕಾಯಲು ಹೋಗುತ್ತಾರೆ. ಅವರಿಗೆ ಒಳ್ಳೆಯ ಕಂಬಳಿ ಕೊಡಿಸಬೇಕು. ಹೋದ ವರ್ಷ ಪೇಟೆಯಲ್ಲಿ ತಂದದ್ದು ಒಂದೇ ಚಳಿಗಾಲಕ್ಕೆ ಗುಳ್ಳೆ ಗುಳ್ಳೆಯಾಯಿತು.
(ಕುಂದಗೋಳ)

ಉತ್ತರ: ಗುಳ್ಳೆ ಎದ್ದದ್ದು ಕೃತಕ ನೂಲು ಬೆರೆತ ಯಂತ್ರದ ಕಂಬಳಿ ಇದ್ದೀತು. ಕುರಿ ಉಣ್ಣೆಯ ಕೈಮಗ್ಗದ ಕರಿ ಕಂಬಳಿ ಕೇಳಿ. ಹೊಸದು ಹಲಗೆಯಂತೆ ಬಿರುಸಾಗಿರುತ್ತದೆ, ಹುಣಸೆ ಬೀಜದ ಗಂಜಿಯನ್ನು ನೂಲಿಗೆ ತಿಕ್ಕಿ ನೇಯುವುದೇ ಅದಕ್ಕೆ ಕಾರಣ. ಬಿರುಸು ನೋಡಿ ಬಿಸಿನೀರು, ಸೋಪು ಹಾಕಿ ಒಗೆಯಲು ಹೋಗಬೇಡಿ, ಉಣ್ಣೆ ಕುಗ್ಗಿ ಗಂಟುಗಟ್ಟುತ್ತದೆ. ಬಳಸಿದಂತೆ ತಾನೇ ಮೆತ್ತಗಾಗುತ್ತದೆ. ತುಂತುರು ಮಳೆ, ಇಬ್ಬನಿ ಅದರ ಮೇಲೆ ಬೇಗ ಇಳಿಯುವುದಿಲ್ಲ, ಹೊಲಕ್ಕೆ ಬೇಕಾದದ್ದು ಅದೇ. ಮೈಗೆ ಚುಚ್ಚುತ್ತದೆ, ಆದ್ದರಿಂದ ಒಳಗೆ ಹೊದೆಯಲು ಹತ್ತಿಯ ಚಾದರ ಜೊತೆಗಿರಲಿ. ಗಂಜಿ ಇರುವುದರಿಂದ ಹುಳ ಬೀಳುವ ಭಯವೂ ಇದೆ, ಚಳಿಗಾಲ ಮುಗಿದ ಮೇಲೆ ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನ ಎಲೆ ಮಡಿಕೆಯಲ್ಲಿಟ್ಟು ಎತ್ತಿಡಿ. ಹಸಿ ಎಲೆ ಇಟ್ಟರೆ ತೇವ ಕೂರುತ್ತದೆ. ಮಾವನವರ ಎತ್ತರಕ್ಕಿಂತ ಎರಡು ಅಡಿ ಉದ್ದ ಇರಲಿ, ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳಲು ಬರಬೇಕು.

ಪ್ರಶ್ನೆ: ತೀರಿಕೊಂಡ ಅಮ್ಮನ ಹಳೆಯ ಸೀರೆಗಳಿವೆ. ತಂಗಿಗೆ ಮಗುವಾಗಿದೆ. ಆ ಸೀರೆಗಳಲ್ಲಿ ಕೌದಿ ಹೊಲಿದು ತೊಟ್ಟಿಲ ಕಾರ್ಯಕ್ಕೆ ಕೊಡುವ ಆಸೆ. ಕೌದಿ ಹೊಲಿದು ರೂಢಿ ಇಲ್ಲ.
(ಮುಂಡರಗಿ, ಗದಗ ಜಿಲ್ಲೆ)

ಉತ್ತರ: ಹೊಲಿಯಿರಿ, ಖಂಡಿತ ಬರುತ್ತದೆ. ಆದರೆ ಮೊದಲು ಸೀರೆ ಇಟ್ಟ ಪೆಟ್ಟಿಗೆಯಲ್ಲಿ ಡಾಂಬರು ಗುಳಿಗೆ ಇತ್ತೇ ನೋಡಿ. ನ್ಯಾಫ್ತಲೀನಿನ ಆ ಗುಳಿಗೆಯ ಅಂಶ ಬಟ್ಟೆಯಲ್ಲಿ ಉಳಿದಿದ್ದರೆ, ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಹಸುಗೂಸುಗಳಲ್ಲಿ ಕೆಂಪು ರಕ್ತಕಣ ಒಡೆದು ಕಾಮಾಲೆ ಏರಬಹುದು. ಎಲ್ಲ ಸೀರೆಗಳನ್ನೂ ಬಿಸಿನೀರಲ್ಲಿ ಎರಡು ಸಲ ಒಗೆದು, ಎರಡು ಮೂರು ದಿನ ಬಿಸಿಲು ಗಾಳಿಗೆ ಹಾಕಿ. ಮೂಗಿಗೆ ಹಿಡಿದರೆ ವಾಸನೆ ಇನ್ನೂ ಇದೆ ಎನಿಸಿದರೆ ಆ ಸೀರೆ ಈ ಕೆಲಸಕ್ಕೆ ಬೇಡ.

ಬರೀ ಹತ್ತಿಯವನ್ನು ಆರಿಸಿ. ನೈಲಾನ್, ಪಾಲಿಯೆಸ್ಟರ್ ಬೆವರು, ಉಚ್ಚೆ ಹೀರುವುದಿಲ್ಲ. ಜರಿ ಅಂಚನ್ನು ಕತ್ತರಿಸಿ ತೆಗೆಯಿರಿ, ಕೂಸಿನ ಚರ್ಮಕ್ಕೆ ಗೀರುತ್ತದೆ. ಸೀರೆಯನ್ನು ಕಿಟಕಿಗೆ ಹಿಡಿದು ಎರಡು ಹೆಬ್ಬೆರಳಿಂದ ಮೆಲ್ಲಗೆ ಎಳೆದು ನೋಡಿ. ಎಳೆ ಬಿಟ್ಟುಕೊಂಡರೆ ಅದು ನಡುವಿನ ಪದರಕ್ಕೆ, ಗಟ್ಟಿಯಿದ್ದದ್ದು ಕೆಳಕ್ಕೂ ಮೇಲಕ್ಕೂ.

ತೊಟ್ಟಿಲ ಕೌದಿಗೆ ಮೂರಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ಕೆಳಗೊಂದು, ನಡುವೆ ಎರಡು, ಮೇಲೊಂದು ಪದರ. ಇದಕ್ಕಿಂತ ದಪ್ಪವಾದರೆ ಶ್ರಾವಣದ ಜಡಿಮಳೆಯಲ್ಲಿ ಒಣಗುವುದಿಲ್ಲ, ಬಾಣಂತಿ ಮನೆಯಲ್ಲಿ ದಿನಕ್ಕೆರಡು ಸಲ ಒಗೆಯುವ ವಸ್ತು ಇದು. ಕೆಳಪದರವನ್ನು ಸುತ್ತಲೂ ಎರಡಿಂಚು ದೊಡ್ಡದು ಕತ್ತರಿಸಿ ನೆಲಕ್ಕೆ ಬಿಗಿಯಾಗಿ ಹಾಸಿ, ಉಳಿದವನ್ನು ಸುಕ್ಕಿಲ್ಲದಂತೆ ಮೇಲೆ ಹರಡಿ. ನಡುವಿನಿಂದ ನಾಲ್ಕೂ ಮೂಲೆಗೆ, ನಾಲ್ಕೂ ಬದಿಗೆ ದೊಡ್ಡ ದೊಡ್ಡ ಟಾಕಿ ಹಾಕಿ ಹಿಡಿಸಿಕೊಳ್ಳಿ. ಹೊಸಬರು ಇದನ್ನು ಬಿಡುತ್ತಾರೆ, ಅರ್ಧ ಹೊಲಿದಾಗ ಬಟ್ಟೆ ನಡುವೆ ಉಬ್ಬಿ ನಿಲ್ಲುತ್ತದೆ, ಬಿಚ್ಚದೆ ದಾರಿ ಇರುವುದಿಲ್ಲ. ಆಮೇಲೆ ಕೆಳಪದರದ ಅಂಚನ್ನು ಮೇಲಕ್ಕೆ ಮಡಚಿ ಹೊಲಿದು, ಅಂಚಿನಿಂದ ಒಳಮುಖವಾಗಿ ಸುತ್ತುತ್ತ ಬನ್ನಿ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು. ಹತ್ತಿ ದಾರವನ್ನೇ ಜೋಡೆಳೆ ಮಾಡಿ ಬಳಸಿ. ನೈಲಾನ್ ದಾರ ಹಳೆಯ ಬಟ್ಟೆಯನ್ನು ಚಾಕುವಿನಂತೆ ಕೊಯ್ಯುತ್ತದೆ. ಗಂಟುಗಳನ್ನು ಪದರದ ಒಳಗೆ ಎಳೆದು ಅಡಗಿಸಿ. ಗುಂಡಿ, ಕನ್ನಡಿ, ಲೇಸು, ಗೊಂಡೆ ಯಾವುದೂ ಬೇಡ, ಕೂಸಿನ ಬಾಯಿಗೆ ಹೋಗುತ್ತವೆ. ಕೊನೆಗೆ ಹಿಡಿಸಿದ ಟಾಕಿಗಳನ್ನು ಬಿಚ್ಚಿ, ಸೂಜಿಗಳನ್ನು ಎಣಿಸಿಕೊಳ್ಳಿ.

ಮೇಲಿನ ಪದರಕ್ಕೆ ಅಮ್ಮ ಹೆಚ್ಚು ಉಟ್ಟ ಸೀರೆಯ ಒಂದು ಚೌಕ ತುಂಡನ್ನು ನಡುವೆ ಇಡಿ, ತಂಗಿಗೆ ಹೇಳುವುದೇ ಬೇಕಾಗುವುದಿಲ್ಲ. ಕೌದಿ ಮಗುವಿನ ಕೆಳಗೆ ಬಿಗಿಯಾಗಿ ಹಾಸಲು, ಮುಖಕ್ಕೆ ಬರುವಂತೆ ಹೊದಿಸಲು ಅಲ್ಲ. ಒಂದು ಒಗೆಯಲು ಹಾಕಿದಾಗ ಇನ್ನೊಂದು ಬೇಕಾಗುತ್ತದೆ, ಬಟ್ಟೆ ಉಳಿದರೆ ಅದೇ ಅಳತೆಯ ಎರಡನೆಯ ಕೌದಿಗೂ ಈಗಲೇ ಕತ್ತರಿಸಿಡಿ.